ಅಗ್ಗದ ಏರ್ ರೈಫಲ್ 10 ಮೀಟರಿನಲ್ಲೇ ಚೆಲ್ಲಾಪಿಲ್ಲಿ ಹೊಡೀತಾ ಉಂಟು, ಎಲ್ಲಿಂದ ಶುರು ಮಾಡೋದು?

ತೋಟದಮನೆ · ಅಕ್ಟೋಬರ್ 5

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮ ಮನೆ. ಅಡಿಕೆ, ತೆಂಗು, ಚೂರು ಕಾಳುಮೆಣಸು. ಹೋದ ವರ್ಷ 11,500 ರೂಪಾಯಿ ಕೊಟ್ಟು ಒಂದು ಏರ್ ರೈಫಲ್ ತಗೊಂಡೆ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಜಾತಿಯದ್ದು, ನಳಿಗೆಯ ತೂತು 0.177 ಇಂಚು. ಕಂಪನಿ ಹೆಸರು ಹೇಳೋದಿಲ್ಲ. ತಪ್ಪು ಅವರದ್ದಾ ನನ್ನದಾ ಅಂತ ಇನ್ನೂ ಗೊತ್ತಾಗಿಲ್ಲ.

ಶಿಕಾರಿಗಲ್ಲ, ಮೊದಲೇ ಹೇಳಿಬಿಡ್ತೇನೆ. ಅಜ್ಜನ ಕಾಲದ ತೋಟೆ ಕೋವಿ ಬೇರೆ ಉಂಟು, ಬೆಳೆ ರಕ್ಷಣೆ ಲೈಸೆನ್ಸಿನದ್ದು. ಎಲೆಕ್ಷನ್ ಬಂದಾಗ ಠಾಣೆಗೆ ಹೋಗಿ ಬರೋದು ಬಿಟ್ಟರೆ ಅದಕ್ಕೆ ಬೇರೆ ಪ್ರಯಾಣ ಇಲ್ಲ. ಈ ಏರ್ ರೈಫಲ್ ಸುಮ್ನೆ ಅಂಗಳದಲ್ಲಿ ಕಾಗದಕ್ಕೆ ಹೊಡೆಯಲಿಕ್ಕೆ. ಮಗಳು ಪಿಯುಸಿ ಓದ್ತಾಳೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ನೋಡಿದ ಮೇಲೆ ಅವಳಿಗೂ ಹುಚ್ಚು ಹಿಡಿದಿದೆ.

ಸಮಸ್ಯೆ ಏನಂದ್ರೆ, ಐದು ಈಡು ಬಿಟ್ಟರೆ ಐದೂ ಐದು ಊರಿಗೆ. ನಿನ್ನೆ ಸ್ಕೇಲ್ ಹಿಡಿದು ಅಳೆದೆ. ತೂತಿನಿಂದ ತೂತಿಗೆ 38 ಮಿಲಿಮೀಟರ್. ಒಂದು ಕೇರಂ ಪಾನು ಇಟ್ಟರೆ ತೂತುಗಳು ಅದರ ಆಚೆ ಈಚೆ ಇಣುಕ್ತಾವೆ. ಅದೂ ಮರದ ಬೆಂಚಿನ ಮೇಲೆ ರೈಫಲ್ ಊರಿಕೊಂಡು ಕೂತು!

6,000 ರೂಪಾಯಿ ಖರ್ಚು ಮಾಡಲಿಕ್ಕೆ ತಯಾರಿದ್ದೇನೆ. ಗಟ್ಟಿ ಸ್ಪ್ರಿಂಗ್ ಹಾಕಿಸಲಾ, ಸ್ಕೋಪ್ ತಗೊಳ್ಳಲಾ, ಅಲ್ಲ ಇದನ್ನೇ ಮಾರಿ ಬೇರೆ ನೋಡಲಾ? ಮಂಡೆಬಿಸಿ ಆಗಿದೆ.

ಹೊಸಬ_ಕುಡ್ಲ · ಅಕ್ಟೋಬರ್ 5

ಸ್ಪ್ರಿಂಗ್ ಹಾಕಿಸಿ ಅಣ್ಣ. ಸ್ಪೀಡ್ ಜಾಸ್ತಿ ಆದ್ರೆ ಗುಂಡಿಗೆ ಆಚೆ ಈಚೆ ಹೋಗಲಿಕ್ಕೆ ಟೈಮೇ ಸಿಗೋದಿಲ್ಲ. ಯೂಟ್ಯೂಬಿನಲ್ಲಿ ನೋಡಿದ್ದೇನೆ.

ಲೇತ್_ಮಾಮ · ಅಕ್ಟೋಬರ್ 5

ಯೂಟ್ಯೂಬಿನಲ್ಲಿ ನೋಡಿದ್ದನ್ನು ಯೂಟ್ಯೂಬಿನಲ್ಲೇ ಬಿಡಿ ಮಾರಾಯ್ರೇ.

ಬೈಕಂಪಾಡಿಯಲ್ಲಿ 31 ವರ್ಷ ಲೇತ್ ಓಡಿಸಿದವ ನಾನು. ನಮ್ಮ ಶೆಡ್ಡಿಗೆ ಒಬ್ಬ ಹುಡುಗ ಇಂಥದ್ದೇ ಒಂದು ಗನ್ ತಂದಿದ್ದ, ಸ್ಪ್ರಿಂಗ್ ಬದಲಿಸಲಿಕ್ಕೆ. ನಾನು ಚಾ ಕುಡಿದು ಬರುವಷ್ಟರಲ್ಲಿ ಅವನೇ ಹಿಂದಿನ ಪಿನ್ ಹೊಡೆದು ತೆಗೆದಿದ್ದ. ಕಾಕ್ ಮಾಡದೇ, ಅಂದ್ರೆ ನಳಿಗೆ ಮಡಚಿ ಎಳೆಯದೇ ಇದ್ದಾಗಲೂ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಕೂತಿರ್ತದೆ, ಅದು ಅವನಿಗೆ ಗೊತ್ತಿರಲಿಲ್ಲ. ಹಿಂದಿನ ಪ್ಲಗ್ ಹಾರಿ ಮಾಡಿನ ಹಂಚು ಒಡೆದುಕೊಂಡು ಹೋಯಿತು. ಅವನ ಮುಖ ಅದರ ದಾರಿಯಲ್ಲಿ ಇರಲಿಲ್ಲ, ಅದು ಅವನ ಅಮ್ಮನ ಪುಣ್ಯ.

ಅದಿರಲಿ. ಗಟ್ಟಿ ಸ್ಪ್ರಿಂಗಿನಿಂದ ಗುರಿ ಕೆಡ್ತದೆ, ಸುಧಾರಿಸೋದಿಲ್ಲ. ಕುದುರೆ (ಟ್ರಿಗರ್) ಎಳೆದ ಕೂಡಲೇ ಒಳಗೆ ಭಾರದ ಪಿಸ್ಟನ್ ಮುಂದಕ್ಕೆ ನುಗ್ತದೆ. ಆಗ ರೈಫಲ್ ಹಿಂದಕ್ಕೆ ಬರ್ತದೆ. ಪಿಸ್ಟನ್ ಮುಂದೆ ಹೋಗಿ ಒತ್ತಿದ ಗಾಳಿಗೆ ತಾಗಿ ನಿಂತಾಗ ರೈಫಲ್ ಮುಂದಕ್ಕೆ ಜಿಗೀತದೆ. ಹಿಂದೆ ಒಮ್ಮೆ, ಮುಂದೆ ಒಮ್ಮೆ. ಈ ಕುಣಿತ ಶುರುವಾದಾಗ ಪೆಲೆಟ್, ಅಂದ್ರೆ ಆ ಸಣ್ಣ ಗುಂಡು, ಇನ್ನೂ ನಳಿಗೆಯ ಒಳಗೇ ಇರ್ತದೆ! ಸ್ಪ್ರಿಂಗ್ ಗಟ್ಟಿ ಮಾಡಿದಷ್ಟೂ ಕುಣಿತ ಜಾಸ್ತಿ. ತೋಟೆ ಕೋವಿಯಲ್ಲಿ ಹೀಗೆ ಮುಂದಕ್ಕೆ ಜಿಗಿಯೋದು ಇಲ್ಲ, ಹಾಗಾಗಿ ಕೋವಿ ಹೊಡೆದು ಅಭ್ಯಾಸ ಇದ್ದವರೇ ಇದರಲ್ಲಿ ಜಾಸ್ತಿ ತಪ್ಪೋದು.

ಹ್ವಾಯ್_ಕುಂದಾಪ್ರ · ಅಕ್ಟೋಬರ್ 5

ಹ್ವಾಯ್, ಸ್ಪೀಡಿನ ಲೆಕ್ಕ ನಾನು ಮಾಡ್ತೇನೆ, ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು.

ಸಾಧಾರಣ 0.177 ಪೆಲೆಟ್ 8 ಗ್ರೇನ್ ಆಸುಪಾಸು, ಅಂದ್ರೆ 0.52 ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ಹೋದರೆ ಶಕ್ತಿ 10.4 ಜೂಲ್. 10 ಮೀಟರ್ ದಾಟಲಿಕ್ಕೆ ಅದಕ್ಕೆ ಬೇಕಾದ್ದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟರಲ್ಲಿ ಅದು ಕೆಳಗೆ ಬೀಳೋದು ಒಂದು ಸೆಂಟಿಮೀಟರ್ ಚಿಲ್ಲರೆ. ಪ್ರತಿ ಸಲ ಒಂದೇ ಸ್ಪೀಡಿದ್ದರೆ ಅಷ್ಟೇ ಬೀಳ್ತದೆ. ಅದನ್ನು ಗುರಿ ನೋಡುವ ಸೈಟಿನಲ್ಲಿ ಸರಿ ಮಾಡಿದರೆ ಆಯ್ತು. ಸ್ಪರ್ಧೆಯ ರೈಫಲ್‌ಗಳ ಶಕ್ತಿ 7.5 ಜೂಲ್ ಹತ್ತಿರ, ನಿಮ್ಮದಕ್ಕಿಂತ ಕಡಿಮೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲೇ ಅಲ್ವಾ?

ಇನ್ನೊಂದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್ ರೈಫಲ್ 0.177 ದಾಟಬಾರದು, 20 ಜೂಲ್ ದಾಟಬಾರದು. ಗಟ್ಟಿ ಸ್ಪ್ರಿಂಗ್ ಹಾಕಿ ಆ ಗೆರೆ ದಾಟಿದರೆ ನಿಮ್ಮ ಆಟದ ಸಾಮಾನು ಲೈಸೆನ್ಸ್ ಇಲ್ಲದ ಆಯುಧ ಆಗ್ತದೆ. ಮತ್ತೆ ಕೋರ್ಟಿಗೆ ಅಲೆದಾಟ.

ಹತ್ತು_ಮೀಟರ್ · ಅಕ್ಟೋಬರ್ 6

ಮಂಗಳೂರಿನಲ್ಲಿ ಕ್ಲಬ್ಬಿಗೆ ಹೋಗಿ ಹೊಡೀತೇನೆ, ಹತ್ತು ವರ್ಷ ಆಯ್ತು. ತೋಟದಮನೆಯವರೇ, 6,000 ರೂಪಾಯಿಯನ್ನು ಸದ್ಯ ಡಬ್ಬದಲ್ಲೇ ಇಡಿ. ಮೊದಲು ಖರ್ಚಿಲ್ಲದ ಕೆಲಸ.

ಒಂದು ಸ್ಕ್ರೂಡ್ರೈವರ್ ತಗೊಂಡು ಸ್ಟಾಕಿನ, ಅಂದ್ರೆ ಹೆಗಲಿಗೆ ಕೊಡುವ ಮರದ ಭಾಗದ, ಸ್ಕ್ರೂಗಳನ್ನು ನೋಡಿ. ಮುಂದೆ ಎರಡು ಬದಿಗೆ ಒಂದೊಂದು, ಕುದುರೆಯ ಹತ್ತಿರ ಒಂದೋ ಎರಡೋ ಇರ್ತಾವೆ. ಸ್ಪ್ರಿಂಗ್ ಗನ್ನಿನ ಕುಣಿತಕ್ಕೆ ಇವು ಸಡಿಲ ಆಗ್ತಾನೇ ಇರ್ತಾವೆ. ಹೊಸ ರೈಫಲ್ ಗುರಿ ತಪ್ಪಿದರೆ ನಾನು ಮೊದಲು ಅನುಮಾನ ಪಡೋದು ಇವನ್ನೇ. ಆಮೇಲೆ ನಳಿಗೆ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದ್ರೆ ಮಡಚುವ ಜಾಗದ ಬೋಲ್ಟ್ ಸಡಿಲ ಅಂತ ಲೆಕ್ಕ.

ಅಳೆಯುವ ಕ್ರಮ ಸಹ ಬದಲಿಸಿ. ಐದು ಈಡು ಸಾಲದು. ಐದರಲ್ಲಿ ಒಮ್ಮೊಮ್ಮೆ ಅದೃಷ್ಟಕ್ಕೆ ಚಂದದ ಗುಂಪು ಬೀಳ್ತದೆ, ಅದನ್ನೇ ಫೋಟೋ ತೆಗೆದು ಜನ ಹಾಕ್ತಾರೆ. ಹತ್ತು ಹೊಡೆಯಿರಿ. ಅತಿ ದೂರದ ಎರಡು ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಪೆಲೆಟಿನ ಅಗಲ 4.5 ಮಿ.ಮೀ. ಕಳೆಯಿರಿ. ತಾರೀಕು, ಪೆಲೆಟ್ ಯಾವುದು, ಏನು ಬದಲಿಸಿದ್ದು, ಎಲ್ಲಾ ಅದೇ ಕಾಗದದ ಮೇಲೆ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ತೋಟದಮನೆ · ಅಕ್ಟೋಬರ್ 8

ನಾಚಿಕೆ ಆಗ್ತದೆ ಹೇಳಲಿಕ್ಕೆ. ಮುಂದಿನ ಎರಡು ಸ್ಕ್ರೂಗಳಲ್ಲಿ ಒಂದನ್ನು ಬೆರಳಿನಲ್ಲೇ ತಿರುಗಿಸಬಹುದಿತ್ತು. ಬಿಗಿ ಮಾಡಿದೆ. ಹತ್ತು ಈಡು: 29 ಮಿ.ಮೀ. ಇನ್ನೊಮ್ಮೆ ಹತ್ತು: 30.

ಆದರೆ ಇನ್ನೊಂದು ವಿಚಿತ್ರ. ನಡುನಡುವೆ ಒಂದೊಂದು ಈಡು ಪಟಾಕಿ ಹಾಗೆ ಠಾಪ್ ಅಂತದೆ, ನಳಿಗೆಯಿಂದ ಹೊಗೆ ಬರ್ತದೆ. ಆ ಈಡು ಯಾವಾಗಲೂ ಮೇಲಕ್ಕೆ ಹೋಗ್ತದೆ. ಅಡುಗೆಮನೆಯಿಂದ ಅಮ್ಮ, "ಹೊರಗೆ ಹಪ್ಪಳ ಕರೀತಾ ಇದ್ದೀಯೇನೋ?" ಅಂತ ಕೇಳಿದರು. ತಮಾಷೆ ಅಲ್ಲ, ಅದೇ ವಾಸನೆ.

ಮಲ್ಪೆ_ಗಾಳ · ಅಕ್ಟೋಬರ್ 8

ಎಣ್ಣೆ ಎಂಥದ್ದು ಹಾಕಿದ್ರಿ?

ತೋಟದಮನೆ · ಅಕ್ಟೋಬರ್ 8

ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದು ಅಂತ ನಳಿಗೆಯ ಹಿಂದಿನ ಆ ಸಣ್ಣ ತೂತಿಗೆ ಎರಡು ಹನಿ ತೆಂಗಿನೆಣ್ಣೆ. ಎರಡು ಹನಿ ಅಂತ ಹೇಳ್ತಿದ್ದೇನೆ, ಸರಿಯಾಗಿ ಹೇಳಬೇಕಂದ್ರೆ ಒಂದು ಚಮಚ.

ಲೇತ್_ಮಾಮ · ಅಕ್ಟೋಬರ್ 8

ಅಯ್ಯೋ ದೇವರೇ. ಅಮ್ಮ ಸರಿಯಾಗೇ ಹೇಳಿದ್ದಾರೆ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ ಅಲ್ವಾ? ಗಾಳಿಯನ್ನು ಒಮ್ಮೆಲೇ ಒತ್ತಿದರೆ ಅದು ಕಾದು ಎಣ್ಣೆಗೆ ಬೆಂಕಿ ಹಿಡಿಸ್ತದೆ. ನಿಮ್ಮ ಪಿಸ್ಟನ್ ಮಾಡಿದ್ದೂ ಅದೇ. ಎಣ್ಣೆ ಉರಿದ ಈಡು ಜಾಸ್ತಿ ಸ್ಪೀಡಿನಲ್ಲಿ ಹೋಗ್ತದೆ, ಅದಕ್ಕೇ ಮೇಲೆ ತಾಗೋದು. ಹಾಗೇ ಬಿಟ್ಟರೆ ಸೀಲ್ ಸುಟ್ಟು ಹೋಗ್ತದೆ, ಸ್ಪ್ರಿಂಗ್ ತುಂಡಾದರೂ ಆದೀತು. ಆ ತೂತಿಗೆ ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ಸ್ಪ್ರೇ, ಏನೂ ಬೇಡ. ಎಣ್ಣೆ ಏನಿದ್ದರೂ ಹೊರಗಿನ ಕಬ್ಬಿಣಕ್ಕೆ, ಬಟ್ಟೆಯಲ್ಲಿ ಒರೆಸುವಷ್ಟು.

ಮಲ್ಪೆ_ಗಾಳ · ಅಕ್ಟೋಬರ್ 9

ನಳಿಗೆ ಒಳಗೂ ಈಗ ಎಣ್ಣೆ ಮಸಿ ಕೂತಿರ್ತದೆ. ಕಬ್ಬಿಣದ ಕಡ್ಡಿ ತೂರಿಸಿ ತಿಕ್ಕಬೇಡಿ, ಒಳಗಿನ ತಿರುವು ಗೆರೆ ಹಾಳಾಗ್ತದೆ. ನಾನು ಮಾಡೋದು ಹೀಗೆ. ಗಾಳದ ನೈಲಾನ್ ದಾರ ಒಂದೂವರೆ ಮಾರು ಮಡಚಿ, ಮಡಚಿದ ತುದಿಯನ್ನು ನಳಿಗೆಯ ಹಿಂದಿನಿಂದ ತೂರಿಸಿ ಮುಂದೆ ತೆಗೆಯಿರಿ. ಹಿಂದೆ ಉಳಿದ ತುದಿಗೆ ಹಳೆ ಬನಿಯನಿನ ತುಂಡು ಕಟ್ಟಿ, ಮುಂದಿನಿಂದ ಎಳೆಯಿರಿ. ಒಂದೇ ದಿಕ್ಕಿಗೆ, ಹಿಂದಿನಿಂದ ಮುಂದಕ್ಕೆ. ಮೊದಲ ತುಂಡು ಕಪ್ಪಗೆ ಬರ್ತದೆ, ಐದಾರನೆಯದ್ದು ಬೆಳ್ಳಗೆ ಬರುವವರೆಗೆ ಎಳೀತಾ ಇರಿ.

ತೊಳೆದ ಮೇಲೆ ಮೊದಲ ಇಪ್ಪತ್ತು ಮೂವತ್ತು ಈಡು ಲೆಕ್ಕಕ್ಕೆ ಹಿಡಿಯಬೇಡಿ. ಸೀಸದ ಒಂದು ತೆಳು ಪದರ ಮತ್ತೆ ಕೂತ ಮೇಲೇ ನಳಿಗೆ ದಾರಿಗೆ ಬರೋದು. ಹಾಗೇ ವಾರಕ್ಕೊಮ್ಮೆ ತೊಳೀತಾ ಕೂತರೆ ಅದೂ ಕೆಟ್ಟದ್ದು.

ಮತ್ತೆ ನಮ್ಮ ಕರಾವಳಿಯ ಉಪ್ಪು ಗಾಳಿ. ನನ್ನ ಮನೆಯಿಂದ ಕಡಲು ಕಾಣ್ತದೆ, ಸೈಕಲ್ ಚೈನು ಎರಡು ಮಳೆಗಾಲ ಬಾಳೋದಿಲ್ಲ. ರೈಫಲನ್ನು ಸ್ಪಂಜ್ ಇರುವ ಬ್ಯಾಗಿನಲ್ಲಿ ಜೂನಿನಿಂದ ಸೆಪ್ಟೆಂಬರ್ ವರೆಗೆ ಮುಚ್ಚಿಡೋದು ತಪ್ಪು. ಸ್ಪಂಜು ತೇವ ಹೀರಿ ಕಬ್ಬಿಣಕ್ಕೇ ಒತ್ತಿ ಇಡ್ತದೆ. ಬೀಗ ಹಾಕುವ ಕಪಾಟಿನಲ್ಲಿ ನಿಲ್ಲಿಸಿ, ಒಳಗೆ ಒಂದು ಸಣ್ಣ ಬಲ್ಬ್ ಉರಿಸಿದರೆ ಸಾಕು.

ಸುಳ್ಯದ_ಕೋವಿ · ಅಕ್ಟೋಬರ್ 9

ನಳಿಗೆ ಒರೆಸುವಾಗ ತುದಿಯ ಬಾಯನ್ನೂ ನೋಡಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅಂಚಿನ ಸುತ್ತ ಮೆಲ್ಲ ತಿರುಗಿಸಿ. ಎಲ್ಲಿಯಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಗಾಯ ಉಂಟು ಅಂತ. ಪೆಲೆಟ್ ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು, ಒಂದು ಬದಿಯಲ್ಲಿ ಗಾಳಿ ಮೊದಲು ತಪ್ಪಿಸಿಕೊಂಡರೆ ಪೆಲೆಟಿನ ಬಾಲ ಓಲಾಡ್ತದೆ.

ನಮ್ಮಿಂದ ಘಾಟಿ ಹತ್ತಿದರೆ ಕೊಡಗು. ಅಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಲಿಕ್ಕೆ ಹೋಗಿದ್ದೆ. ಅಲ್ಲಿನ ಕೊಡವರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು, ಸದ್ಯಕ್ಕೆ 2029ರ ವರೆಗೆ. ಒಬ್ಬರು ಅಜ್ಜ ನಮ್ಮೆದುರೇ ಹೊಡೆದರು. ಹೊಡೆಯುವ ಮೊದಲು ಮಾತಾಡಿಸಿದರೂ ಉತ್ತರ ಇಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಿದರು, ಕಾಯಿ ಚೂರಾಯಿತು. ಹೊಡೆದಾದ ಮೇಲೂ ಕೋವಿ ಕೆಳಗಿಳಿಸಲಿಲ್ಲ, ಹಾಗೇ ಎರಡು ಕ್ಷಣ ನೋಡ್ತಾ ನಿಂತಿದ್ದರು. ನಾವು ಕುದುರೆ ಎಳೆದ ಕೂಡಲೇ ತಲೆ ಎತ್ತಿ ಎಲ್ಲಿ ತಾಗಿತು ಅಂತ ಇಣುಕ್ತೇವಲ್ಲ, ಅದೇ ನಮ್ಮ ರೋಗ.

ಹೊಸಬ_ಕುಡ್ಲ · ಅಕ್ಟೋಬರ್ 10

ಒಂದು ಡೌಟು. ಇದರಲ್ಲಿ ಮಂಗ, ಹಂದಿ ಓಡಿಸಲಿಕ್ಕೆ ಆಗ್ತದಾ? ನಮ್ಮ ಮಾವನ ತೋಟದಲ್ಲಿ ಭಯಂಕರ ಉಪದ್ರ.

ಸುಳ್ಯದ_ಕೋವಿ · ಅಕ್ಟೋಬರ್ 10

ಇಲ್ಲ ತಮ್ಮ. ಮಂಗ, ಕಾಡುಹಂದಿ, ನವಿಲು ಎಲ್ಲಾ 1972ರ ವನ್ಯಜೀವಿ ಕಾಯ್ದೆಯೊಳಗೆ ಬರ್ತಾವೆ. ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಶಿಕಾರಿಯ ಪರ್ಮಿಶನ್ ಅಲ್ಲ. ಕಾಯ್ದೆ ಬದಿಗಿಡಿ, 10 ಜೂಲಿನ ಪೆಲೆಟ್ ಹಂದಿಯ ಚರ್ಮದೊಳಗೆ ಕೂತು ಕೀವಾಗ್ತದೆ. ಅದು ಸಾಯೋದೂ ಇಲ್ಲ, ಗುಣ ಆಗೋದೂ ಇಲ್ಲ. ಮಂಗನ ಕಣ್ಣಿಗೆ ತಾಗಿದ್ದನ್ನು ನಾನು ನೋಡಿದ್ದೇನೆ, ಅದನ್ನು ಬರೆಯೋದಿಲ್ಲ. ಮಾವನಿಗೆ ಗರ್ನಾಲ್ ಪಟಾಕಿ ಹೊಡೆಯಲಿಕ್ಕೆ ಹೇಳಿ, ನಾಯಿ ಸಾಕಲಿಕ್ಕೆ ಹೇಳಿ, ಹಂದಿ ಇಳಿದು ಬರುವ ಬದಿಗೆ ಬೇಲಿ ಗಟ್ಟಿ ಮಾಡಲಿಕ್ಕೆ ಹೇಳಿ.

ಹೊಸಬ_ಕುಡ್ಲ · ಅಕ್ಟೋಬರ್ 10

ಸರಿ ಅಣ್ಣ. ಗೊತ್ತಿರಲಿಲ್ಲ.

ತೋಟದಮನೆ · ಅಕ್ಟೋಬರ್ 13

ಬನಿಯನ್ ತುಂಡು ಎಂಟು ಬೇಕಾಯ್ತು. ಮೊದಲನೆಯದ್ದು ಬಂದಾಗ ಬಾಣಲೆ ತಳ ಒರೆಸಿದ ಹಾಗಿತ್ತು. ತುದಿಯ ಬಾಯಿ ಚೆನ್ನಾಗಿದೆ, ಹತ್ತಿ ಸಿಕ್ಕಲಿಲ್ಲ. 40 ಈಡು ಸುಮ್ನೆ ಹೊಡೆದು ಮತ್ತೆ ಅಳೆದೆ: 22 ಮಿ.ಮೀ. ಹೊಗೆ ನಿಂತಿದೆ.

ಈಗ ಪೆಲೆಟ್ ಬದಲಿಸಲಾ? ಇಷ್ಟು ದಿನ ರೈಫಲ್ ಜೊತೆ ಬಂದ ಡಬ್ಬಿಯದ್ದೇ ಹೊಡೀತಾ ಇದ್ದೆ.

ಹತ್ತು_ಮೀಟರ್ · ಅಕ್ಟೋಬರ್ 13

ಈಗ ಡಬ್ಬದಿಂದ ದುಡ್ಡು ತೆಗೆಯಿರಿ. ನಾಲ್ಕು ತರದ ಪೆಲೆಟ್ ತಗೊಳ್ಳಿ. 10 ಮೀಟರಿಗೆ ಚಪ್ಪಟೆ ತಲೆಯದ್ದು ಒಳ್ಳೆಯದು, ಕಾಗದದಲ್ಲಿ ಪಂಚಿಂಗ್ ಮೆಷಿನ್ ಹೊಡೆದ ಹಾಗೆ ತೂತು ಮಾಡ್ತದೆ, ಅಳೆಯಲಿಕ್ಕೂ ಸುಲಭ. 20, 25 ಮೀಟರ್ ಹೊಡೆಯೋದಾದರೆ ಗುಂಡು ತಲೆಯದ್ದು. ಜರ್ಮನಿಯ ಎಚ್ ಅಂಡ್ ಎನ್, ಚೆಕ್ ದೇಶದ ಜೆಎಸ್‌ಬಿ, ಇವು ಸಿಗ್ತಾವೆ. ಒಂದೇ ಪೆಲೆಟಿನಲ್ಲಿ ತಲೆಯ ಅಳತೆ 4.50, 4.51, 4.52 ಅಂತ ಬೇರೆ ಬೇರೆ ಬರ್ತದೆ. ನಿಮ್ಮ ನಳಿಗೆಗೆ ಯಾವುದು ಇಷ್ಟ ಅಂತ ನಳಿಗೆಯನ್ನೇ ಕೇಳಬೇಕು, ಬೇರೆ ದಾರಿ ಇಲ್ಲ. ಹೆಬ್ಬೆರಳಿನಲ್ಲಿ ಒತ್ತಿದಾಗ ಜಾರಿ ಬೀಳಬಾರದು, ಬಾಲ ಮಡಚುವಷ್ಟು ಬಿಗಿಯೂ ಇರಬಾರದು.

ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೇ ಅವಲಕ್ಕಿ ತಿನ್ನಿ. ಮಗಳಿಗೂ ಹೇಳಿ.

ಹ್ವಾಯ್_ಕುಂದಾಪ್ರ · ಅಕ್ಟೋಬರ್ 13

ಅವಳ ಕಣ್ಣಿಗೆ ಕನ್ನಡಕ ಕೂಡ. ಗುರಿಯ ಹಿಂದೆ ಏನುಂಟು? ಮುರಕಲ್ಲಿನ ಗೋಡೆಯಾದ್ರೆ ಪೆಲೆಟ್ ತಿರುಗಿ ಬರ್ತದೆ. ನನ್ನ ಅಣ್ಣನ ಹಲ್ಲು ಹಾಗೇ ಹೋದದ್ದು.

ತೋಟದಮನೆ · ಅಕ್ಟೋಬರ್ 13

ಮುರಕಲ್ಲಿನ ಗೋಡೆಯೇ. ನಾಳೆಯೇ ಬದಲಿಸ್ತೇನೆ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ವಾರಪತ್ರಿಕೆ ಒತ್ತಿ ತುಂಬಿಸಿ, ಅದರ ಹಿಂದೆ ಮಣ್ಣು ತುಂಬಿದ ಗೋಣಿಚೀಲ ಇಟ್ಟರೆ ಸಾಕಲ್ಲ?

ಲೇತ್_ಮಾಮ · ಅಕ್ಟೋಬರ್ 14

ಸಾಕು. ಗೋಣಿಯ ಮಣ್ಣಿನಲ್ಲಿ ಕಲ್ಲು ಇರಬಾರದು. ಪತ್ರಿಕೆ ನಡುಭಾಗ ಚಿಂದಿ ಆದಾಗ ಬದಲಿಸ್ತಾ ಇರಿ.

ತೋಟದಮನೆ · ಅಕ್ಟೋಬರ್ 26

ಫಲಿತಾಂಶ. ಎಲ್ಲಾ 10 ಮೀಟರ್, ಹತ್ತು ಈಡು, ಪ್ರತಿಯೊಂದೂ ಎರಡು ಸಲ. ರೈಫಲ್ ಜೊತೆ ಬಂದ ಪೆಲೆಟ್ 22 ಮತ್ತು 23. ಅಂಗಡಿಯವನು ಒತ್ತಾಯ ಮಾಡಿ ಕೊಟ್ಟ ಹಗುರದ ಮಿಶ್ರಲೋಹದ್ದು 31 ಮತ್ತು 35. ಜೆಎಸ್‌ಬಿ 8.44 ಗ್ರೇನ್ 15 ಮತ್ತು 14. ಎಚ್ ಅಂಡ್ ಎನ್ ಚಪ್ಪಟೆ ತಲೆ 13 ಮತ್ತು 12.

ಹಗುರದ್ದು ಹೊಡೆದಾಗ ಚಾಟಿ ಬೀಸಿದ ಹಾಗೆ ಸದ್ದು, ಕೇಳಲಿಕ್ಕೆ ಭಾರೀ ಖುಷಿ. ಗುರಿ ಮಾತ್ರ ಪೊಕ್ಕಡೆ.

ಹತ್ತು_ಮೀಟರ್ · ಅಕ್ಟೋಬರ್ 26

38ರಿಂದ 12. ಖರ್ಚು ಎಷ್ಟಾಯ್ತು?

ತೋಟದಮನೆ · ಅಕ್ಟೋಬರ್ 26

ಪೆಲೆಟ್ ಮಾತ್ರ. ಆದರೆ ಈಗ ಬೈಸಿಕೊಳ್ಳಲಿಕ್ಕೆ ಬಂದಿದ್ದೇನೆ. ನಿಮ್ಮನ್ನು ಕೇಳದೆ ಸ್ಕೋಪ್ ತರಿಸಿದೆ. ಆನ್‌ಲೈನಿನಲ್ಲಿ, 1,900 ರೂಪಾಯಿ. ಮೊದಲ ದಿನ ಭಾರೀ ಚಂದ. ಎರಡನೇ ದಿನ ಗುಂಪು 30ಕ್ಕೆ ಹೋಯ್ತು. ಮೂರನೇ ದಿನ ಒಳಗಿನ ಪ್ಲಸ್ ಗೆರೆ ವಾಲಿ ಗುಣಾಕಾರ ಚಿಹ್ನೆ ಆಗಿದೆ. ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅಂತದೆ. ವಾಪಸ್ ತಗೊಳ್ಳೋದಿಲ್ಲವಂತೆ.

ಲೇತ್_ಮಾಮ · ಅಕ್ಟೋಬರ್ 27

ಮೊದಲು ಹೇಳಿದ್ದೆನಲ್ಲ, ಈ ಗನ್ ಹಿಂದಕ್ಕೂ ಮುಂದಕ್ಕೂ ಒದೀತದೆ ಅಂತ. ಸಾಧಾರಣ ಸ್ಕೋಪನ್ನು ಹಿಂದಿನ ಒದೆತಕ್ಕೆ ಮಾತ್ರ ಕಟ್ಟಿರ್ತಾರೆ. ಮುಂದಿನದ್ದು ಬಂದಾಗ ಒಳಗಿನ ಗಾಜು ಜಾಗ ಬಿಡ್ತದೆ. ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪು ಈ ಬಡಪಾಯಿ ಏರ್ ಗನ್ನಿನ ಮೇಲೆ ವಾರದಲ್ಲಿ ಸಾಯ್ತದೆ. ಸ್ಪ್ರಿಂಗ್ ಏರ್ ರೈಫಲ್ಲಿಗೇ ಅಂತ ಬರೆದದ್ದನ್ನೇ ಕೇಳಿ ತಗೊಳ್ಳಬೇಕು.

ಸ್ಕೋಪ್ ಹಿಡಿದಿಡುವ ಮೌಂಟ್ ಜಾರಿದೆಯಾ ನೋಡಿದ್ರಾ? ಅದು ಕೂರುವ ರೈಫಲ್ ಮೇಲಿನ ಪಟ್ಟಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿ ಇಪ್ಪತ್ತು ಈಡು ಹೊಡೆಯಿರಿ.

ತೋಟದಮನೆ · ಅಕ್ಟೋಬರ್ 27

ಗೆರೆ ಹಾಕಿದೆ. ಮೂರು ಮಿ.ಮೀ. ಹಿಂದೆ ಬಂದಿದೆ ಮಾಮ.

ಲೇತ್_ಮಾಮ · ಅಕ್ಟೋಬರ್ 27

ಹಾಗಾದ್ರೆ ಎರಡು ರೋಗ ಒಟ್ಟಿಗೆ. ಮುಂದೆ ತಗೊಳ್ಳುವಾಗ ಎರಡು ತುಂಡಿನ ರಿಂಗ್ ಬೇಡ, ಒಂದೇ ತುಂಡಿನ ಮೌಂಟ್ ತಗೊಳ್ಳಿ, ಅಡಿಯಲ್ಲಿ ಸ್ಟಾಪ್ ಪಿನ್ ಇರುವಂಥದ್ದು. ಆ ಪಿನ್ ರೈಫಲ್ ಮೇಲಿನ ಸಣ್ಣ ಗುಳಿಗೆ ಕೂರಬೇಕು.

ಹ್ವಾಯ್_ಕುಂದಾಪ್ರ · ಅಕ್ಟೋಬರ್ 28

ಇನ್ನೊಂದು ರೋಗ ಸೇರಿಸ್ತೇನೆ, ಪ್ಯಾರಲಾಕ್ಸ್. ಬಸ್ಸಿನ ಸೀಟಿನಲ್ಲಿ ಬದಿಗೆ ಕೂತು ಡ್ರೈವರಿನ ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕೆಯ ಮೇಲೆ ಕಾಣ್ತದಲ್ಲ, ಅದೇ. ಬಂದೂಕಿನ ಸ್ಕೋಪುಗಳನ್ನು 100 ಗಜಕ್ಕೆ ಹೊಂದಿಸಿರೋದು ಸಾಮಾನ್ಯ. 10 ಮೀಟರಿನಲ್ಲಿ ಕಣ್ಣು ಚೂರು ಸರಿದರೂ ಪ್ಲಸ್ ಗೆರೆ ಗುರಿಯ ಮೇಲೆ ತೇಲ್ತದೆ. ಮುಂದಿನ ಗಾಜಿನ ಹತ್ತಿರ ತಿರುಗಿಸಿ 10 ಮೀಟರಿಗೆ ತರುವಂಥ ಸ್ಕೋಪೇ ಬೇಕು.

ಸ್ಕೋಪಿನ ತಿರುಗಣೆಯ ಕ್ಲಿಕ್ಕಿನ ಲೆಕ್ಕವೂ ಬರೆದಿಡಿ. ಕಾಲು ಮಿನಿಟಿನ (ಸಮಯದ್ದಲ್ಲ, ಕೋನದ ಮಿನಿಟು) ಕ್ಲಿಕ್ ಅಂದ್ರೆ 100 ಮೀಟರಿನಲ್ಲಿ ಸುಮಾರು 7 ಮಿ.ಮೀ., 10 ಮೀಟರಿನಲ್ಲಿ 0.7. ಒಂದು ಸೆಂಟಿಮೀಟರ್ ಸರಿಸಲಿಕ್ಕೆ 14 ಕ್ಲಿಕ್. ಜನ ಎರಡು ಕ್ಲಿಕ್ ತಿರುಗಿಸಿ ಏನೂ ಆಗಲಿಲ್ಲ ಅಂತ ಸ್ಕೋಪಿಗೆ ಬೈತಾರೆ.

ಹತ್ತು_ಮೀಟರ್ · ಅಕ್ಟೋಬರ್ 28

ನನ್ನ ಅಭಿಪ್ರಾಯ ಕೇಳಿದರೆ ಸ್ಕೋಪ್ ಬೇಡವೇ ಬೇಡ. ಮಗಳು ಮುಂದೆ ಸ್ಪರ್ಧೆಗೆ ಹೋಗ್ತಾಳೆ ಅಂದ್ರೆ ಅಲ್ಲಿ ಸ್ಕೋಪಿಗೆ ಜಾಗ ಇಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಬಳೆ, ಅಷ್ಟೇ. 10 ಮೀಟರ್ ಟಾರ್ಗೆಟಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿ.ಮೀ., ಹೊರಗಿನ ಬಳೆ 45.5. ಆ ಚುಕ್ಕಿಗೆ ಸ್ಕೋಪ್ ಇಲ್ಲದೆ ಹೊಡೀತಾರೆ ಅಂದ್ರೆ ಕಣ್ಣಿಗಿಂತ ಮೈ ದೊಡ್ಡದು ಅಂತ ಆಯ್ತಲ್ಲ.

ಬೆಂಚಿನ ಮೇಲೆ ರೈಫಲ್ ಹೇಗೆ ಇಡ್ತೀರಿ, ಒಂದು ಫೋಟೋ ಹಾಕಿ.

ತೋಟದಮನೆ · ಅಕ್ಟೋಬರ್ 28

ಫೋಟೋ ಹಾಕಿದ್ದೇನೆ. ನಳಿಗೆಯನ್ನು ಮರದ ತುಂಡಿನ ಮೇಲೆ ಇಟ್ಟು, ಎಡಗೈಯಲ್ಲಿ ಮೇಲಿನಿಂದ ಒತ್ತಿ ಹಿಡೀತೇನೆ. ಅಲ್ಲಾಡಬಾರದಲ್ಲ.

ಹತ್ತು_ಮೀಟರ್ · ಅಕ್ಟೋಬರ್ 28

ಸಿಕ್ಕಿತು ಕಳ್ಳ.

ಈ ಜಾತಿಯ ರೈಫಲನ್ನು ಒತ್ತಿ ಹಿಡಿಯಬಾರದು. ಒಂದು ಸಲ ಒತ್ತಿದಷ್ಟೇ ಇನ್ನೊಂದು ಸಲ ಒತ್ತಲಿಕ್ಕೆ ಮನುಷ್ಯನಿಂದ ಆಗೋದಿಲ್ಲ. ಒತ್ತಡ ಬದಲಾದ ಹಾಗೆ ಕುಣಿತ ಬದಲಾಗ್ತದೆ, ಪೆಲೆಟ್ ಬೇರೆ ಕಡೆ ಹೋಗ್ತದೆ. ನಳಿಗೆ ಗಟ್ಟಿ ಮರಕ್ಕೆ ತಾಗಿದ್ದರೆ ಅಲ್ಲಿಂದ ಪುಟಿದು ಮೇಲಕ್ಕೆ ಹೊಡೀತದೆ. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಕುಚ್ಚಲಕ್ಕಿ ತುಂಬಿ, ಎರಡೂ ಬದಿ ಹೊಲಿಯಿರಿ. ಅದರ ಮೇಲೆ ಎಡ ಅಂಗೈ ಮೇಲ್ಮುಖವಾಗಿ ಇಡಿ. ಅಂಗೈ ಮೇಲೆ ಸ್ಟಾಕ್ ಸುಮ್ನೆ ಕೂರಲಿ, ಬೆರಳು ಮಡಚಬೇಡಿ. ಹೆಗಲಿಗೆ ತಾಗಿದ್ದರೆ ಸಾಕು. ಮಗು ಮಲಗಿಸಿದ ಹಾಗೆ. ಕುಣಿಯುವಷ್ಟು ಕುಣಿಯಲಿ, ಪ್ರತಿ ಸಲ ಒಂದೇ ತರ ಕುಣಿದರೆ ಆಯ್ತು. ಅಂಗೈ ಇಡುವ ಜಾಗಕ್ಕೆ ಸ್ಟಾಕಿನ ಮೇಲೆ ಒಂದು ಟೇಪ್ ಅಂಟಿಸಿ, ಎರಡು ಸೆಂಟಿಮೀಟರ್ ಹಿಂದೆ ಮುಂದೆ ಆದ್ರೂ ಗುಂಪು ಜಾಗ ಬದಲಿಸ್ತದೆ.

ಮಲ್ಪೆ_ಗಾಳ · ಅಕ್ಟೋಬರ್ 29

ಕುದುರೆಯ ತೂಕವನ್ನೂ ನೋಡಿ. ಮೀನು ತೂಗುವ ಕೊಕ್ಕೆ ತಕ್ಕಡಿ ಉಂಟಲ್ಲ, ಅದರ ಕೊಕ್ಕೆಯನ್ನು ಕುದುರೆಗೆ ಹಾಕಿ ಮೆಲ್ಲ ಎಳೆಯಿರಿ. ಪೆಲೆಟ್ ಹಾಕಿಯೇ ಮಾಡಿ, ನಳಿಗೆ ಗೋಣಿಯ ಕಡೆಗೇ ಇರಲಿ. ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ನಿಗೆ ಗಾಳಿಯ ಮೆತ್ತೆ ಸಿಗೋದಿಲ್ಲ, ಸೀದಾ ಕಬ್ಬಿಣಕ್ಕೆ ಬಡೀತದೆ.

ತೋಟದಮನೆ · ನವೆಂಬರ್ 3

ತೂಕ 2.8 ಕೆ.ಜಿ. ಬಂತು! ರೈಫಲೇ 3 ಕೆ.ಜಿ. ಇರೋದು. ಹಾಗಾದ್ರೆ ನಾನು ಇಷ್ಟು ದಿನ ಬೆರಳಿನಲ್ಲಿ ಇನ್ನೊಂದು ರೈಫಲ್ ಎತ್ತುತ್ತಿದ್ದೆ. ರೈಫಲ್ ಜೊತೆ ಬಂದ ಪುಸ್ತಕದಲ್ಲಿ ತೋರಿಸಿದ ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿದೆ, 1.7ಕ್ಕೆ ಬಂತು.

ಲೇತ್_ಮಾಮ · ನವೆಂಬರ್ 3

ಅಲ್ಲಿಗೇ ನಿಲ್ಲಿಸಿ. ಸಿಯರ್, ಅಂದ್ರೆ ಕುದುರೆ ಎಳೆಯುವವರೆಗೆ ಪಿಸ್ಟನ್ ಹಿಡಿದಿಡುವ ಕೊಂಡಿ, ಅದಕ್ಕೆ ಅರ ಹಾಕಿ ನಯ ಮಾಡ್ತೇನೆ ಅಂತ ಹೊರಡಬೇಡಿ. ಮೇಲೆ ತೆಳು ಪದರ ಮಾತ್ರ ಗಟ್ಟಿ ಇರ್ತದೆ, ಅದು ಹೋದರೆ ಒಳಗೆ ಮೆತ್ತನೆ ಕಬ್ಬಿಣ. ನಳಿಗೆ ಮಡಚಿ ಪೆಲೆಟ್ ತುಂಬುವಾಗ ತಾನಾಗಿ ಬಿಟ್ಟುಕೊಂಡರೆ ಹೆಬ್ಬೆರಳು ಹೋಗ್ತದೆ. ಈಗಲೂ ಪೆಲೆಟ್ ತುಂಬುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಗಟ್ಟಿ ಹಿಡಿದೇ ತುಂಬಬೇಕು. ಅದನ್ನು ಮಗಳಿಗೆ ಮೊದಲ ಪಾಠ ಮಾಡಿ.

ತೋಟದಮನೆ · ನವೆಂಬರ್ 16

ಜೀನ್ಸ್ ಕಾಲಿನ ಮೂಟೆ ಆಯ್ತು. ಎರಡು ಸೇರು ಕುಚ್ಚಲಕ್ಕಿ ಹಿಡಿಯಿತು, ಅಮ್ಮನಿಗೆ ಲೆಕ್ಕ ಕೊಟ್ಟಿಲ್ಲ. ಸ್ಟಾಕಿಗೆ ಟೇಪ್ ಅಂಟಿಸಿದ್ದೇನೆ. ಮೊದಲ ದಿನ ಕಷ್ಟ ಆಯ್ತು, ಕೈ ತಾನಾಗಿ ಬಿಗಿ ಆಗ್ತದೆ. ನಾಲ್ಕನೇ ದಿನ 9 ಮಿ.ಮೀ.

ನಂತರ ಮಗಳು ಕೂತಳು. ಸ್ಕೋಪ್ ಇಲ್ಲ, ರೈಫಲ್ ಜೊತೆ ಬಂದ ಸೈಟೇ. ಹೊಡೆದು ತಲೆ ಎತ್ತೋದಿಲ್ಲ, ಸುಳ್ಯದವರು ಹೇಳಿದ ಅಜ್ಜನ ಹಾಗೆ ನೋಡ್ತಾ ಕೂರ್ತಾಳೆ. ಅವಳದ್ದು 8. ಅಳತೆ ತಪ್ಪಿರಬೇಕು ಅಂತ ನಾನು ಎರಡು ಸಲ ಅಳೆದೆ. ಅವಳು ವರ್ನಿಯರ್ ತಂದು ಮೂರನೇ ಸಲ ಅಳೆದಳು. 7.6.

ಹತ್ತು_ಮೀಟರ್ · ನವೆಂಬರ್ 16

ಅಪ್ಪನಿಗೆ ಇನ್ನು ಆ ರೈಫಲ್ ಸಿಗೋದಿಲ್ಲ. ರಜೆಯಲ್ಲಿ ಅವಳನ್ನು ಒಂದು ಸಲ ಕ್ಲಬ್ಬಿಗೆ ಕರ್ಕೊಂಡು ಬನ್ನಿ. ಅಲ್ಲಿ ನಿಂತು ಹೊಡೀಬೇಕು, ಮೂಟೆ ಗೀಟೆ ಇಲ್ಲ. ಆಗ ಮತ್ತೆ 38 ಬರ್ತದೆ, ಬೇಜಾರು ಮಾಡಬಾರದು ಅಂತ ಈಗಲೇ ಹೇಳಿಡಿ.

ಹೊಸಬ_ಕುಡ್ಲ · ನವೆಂಬರ್ 17

ನಾನೂ ಒಂದು ತಗೊಂಡೆ. ಸ್ಕ್ರೂ ಬಿಗಿ ಮಾಡಿದೆ. ಎಣ್ಣೆ ಹಾಕಿಲ್ಲ.

ತೋಟದಮನೆ · ಡಿಸೆಂಬರ್ 9

ಅಂಗಳದಲ್ಲಿ ಈಗ ಅಡಿಕೆ ಒಣಗಲಿಕ್ಕೆ ಹಾಕಿದ್ದೇವೆ, ಮಾರ್ಚ್ ವರೆಗೆ ಕಾಲಿಡಲಿಕ್ಕೆ ಜಾಗ ಇಲ್ಲ. ಹಟ್ಟಿಯ ಹಿಂದೆ ಸರಿಯಾಗಿ 10 ಮೀಟರ್ ಸಿಗ್ತದೆ, ಅಲ್ಲಿಗೆ ಹೋಗಿದ್ದೇವೆ. ಗೋಣಿ, ಪೆಟ್ಟಿಗೆ ಎಲ್ಲಾ ಅಲ್ಲೇ. ಮಧ್ಯಾಹ್ನ ಕಡಲ ಗಾಳಿ ಶುರುವಾಗುವ ಮೊದಲು ಬೆಳಿಗ್ಗೆ ಏಳಕ್ಕೆ ಹೊಡೀತೇವೆ. ದನ ಮೊದಲ ದಿನ ಹೆದರಿತು, ಈಗ ತಿರುಗಿಯೂ ನೋಡೋದಿಲ್ಲ.

ಡಬ್ಬದಲ್ಲಿ ಉಳಿದ ದುಡ್ಡಿಗೆ ಪೀಪ್ ಸೈಟ್ ಹೇಳಿದ್ದೇನೆ. ಅದರ ವಿಷಯ ಬಂದ ಮೇಲೆ ಬರೀತೇನೆ. ಸದ್ಯ ಜೀನ್ಸಿನ ಇನ್ನೊಂದು ಕಾಲು ಬಾಕಿ ಉಂಟು, ಹೊಸಬ_ಕುಡ್ಲ ಅವರಿಗೆ ಬೇಕಾದ್ರೆ ಕಾರ್ಕಳ ಬಸ್‌ಸ್ಟ್ಯಾಂಡಿಗೆ ಬನ್ನಿ, ಕೊಡ್ತೇನೆ. ಅಕ್ಕಿ ನಿಮ್ಮದೇ ಹಾಕಿಕೊಳ್ಳಬೇಕು.